ಮಖಮಲ್ಲಿನ ಅಚ್ಚು

ಸೂಕ್ಷ್ಮಜೀವಿಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗದಲ್ಲಿ ನನ್ನನ್ನು ಬಹುವಾಗಿ ಸೆಳೆದುದು ಬ್ಯಾಕ್ಟೀರಿಯಗಳ ಶರೀರಕ್ರಿಯೆ ಹಾಗೂ ತಳಿಶಾಸ್ತ್ರ. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯ, ತಕ್ಕ ಆಹಾರ ಮತ್ತು ಶಾಖ ದೊರೆತರೆ ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಈ ಲೆಕ್ಕದಂತೆ ಒಂದೇ ಜೀವಕೋಶದ ಸಂತತಿ 7 ಗಂಟೆಗಳಲ್ಲಿ 20 ಲಕ್ಷವನ್ನು ಮೀರುತ್ತದೆ. ಇಷ್ಟೊಂದು ವಿಭಜನೆಗಳ ನಡುವೆ ಅಲ್ಲೊಂದು ಇಲ್ಲೊಂದರ ಆನುವಂಶಿಕ ಬರಹದಲ್ಲಿ ಅಕ್ಷರ ತಪ್ಪುವುದು ಸಹಜ.

ಔಷಧವನ್ನು ಎದುರಿಸಿ ಬದುಕುವ ಶಕ್ತಿ ಅವುಗಳಿಗೆ ಬರುವುದು ಔಷಧ ತಾಗಿದ ಮೇಲೋ, ಅದಕ್ಕೂ ಮೊದಲೋ? ಅಮೆರಿಕದ ಎಸ್ತರ್ ಮತ್ತು ಜೋಶುವಾ ಲೆಡರ್‌ಬರ್ಗ್ ದಂಪತಿಗಳು 1952ರಲ್ಲಿ ಇದಕ್ಕೆ ಸರಳ ಪ್ರಯೋಗದಿಂದ ಉತ್ತರವಿತ್ತರು. ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಗಳ ಮೇಲೆ ಮಖಮಲ್ಲಿನ ಬಟ್ಟೆಯನ್ನೊತ್ತಿ, ಆ ಅಚ್ಚನ್ನು ಸ್ಟ್ರೆಪ್ಟೊಮೈಸಿನ್ ಬೆರೆಸಿದ ಬೇರೆ ತಟ್ಟೆಗಳ ಮೇಲೆ ಮೂಡಿಸಿದರು. ಬದುಕುಳಿದವು ಎಲ್ಲ ತಟ್ಟೆಗಳಲ್ಲೂ ಒಂದೇ ಸ್ಥಾನದಲ್ಲಿದ್ದವು. ಮೂಲ ತಟ್ಟೆಯ ಅದೇ ಸ್ಥಾನದ ಬ್ಯಾಕ್ಟೀರಿಯಗಳು ಔಷಧವನ್ನು ಎಂದೂ ಕಂಡಿರಲಿಲ್ಲ. ಆದರೂ ಆ ಶಕ್ತಿ ಅವುಗಳಲ್ಲಿತ್ತು. ಔಷಧವು ಇದ್ದುದನ್ನು ಆರಿಸಿತು, ಅಷ್ಟೆ.

ಮೊಮ್ಮಗನ ನೆಗಡಿಗೆಂದು ನಮ್ಮ ಅತ್ತೆಯವರು ಹಿಂದಿನ ಕಾಯಿಲೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಮಾತ್ರೆಯನ್ನು ತೆಗೆದಾಗ ಈ ಪ್ರಯೋಗವನ್ನೇ ಅವರಿಗೆ ವಿವರಿಸಿದೆ. ನೆಗಡಿ ವೈರಸ್‌ನಿಂದ ಬರುವುದರಿಂದ ಆ ಮಾತ್ರೆ ಅದಕ್ಕೆ ನಾಟುವುದಿಲ್ಲ. ಕರುಳಿನ ನಿರುಪದ್ರವಿ ಬ್ಯಾಕ್ಟೀರಿಯಗಳು ಮಾತ್ರ ಸತ್ತು, ಔಷಧಕ್ಕೆ ಜಗ್ಗದವು ಅವುಗಳ ಜಾಗದಲ್ಲಿ ಹೆಚ್ಚುತ್ತವೆ. ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಗಳ ಮೂಲಕ ತಮ್ಮ ಶಕ್ತಿಯನ್ನು ನೆರೆಯವಕ್ಕೂ ಹಂಚಬಲ್ಲವು. ಮುಂದೊಂದು ದಿನ ಮನೆಯ ಹಸುಗೂಸಿಗೋ ಬಾಣಂತಿಗೋ ಸೋಂಕು ತಗುಲಿದಾಗ ಅದೇ ಔಷಧ ಕೆಲಸ ಮಾಡದೆ ಹೋಗಬಹುದು.

ಅತ್ತೆಯವರು ಮಾತ್ರೆಯನ್ನು ಬದಿಗಿಟ್ಟು ಶುಂಠಿ ಕಷಾಯಕ್ಕೆ ನೀರಿಟ್ಟರು. ವೈದ್ಯರು ಬರೆದುಕೊಟ್ಟಾಗ ಮಾತ್ರ, ಹೇಳಿದಷ್ಟು ದಿನ ಈ ಔಷಧ ಸೇವಿಸುವ ನಿಯಮವನ್ನು ಪ್ರತಿ ಮನೆಯೂ ಪಾಲಿಸಲೆಂಬುದು ನನ್ನ ವಿನಂತಿ.