ಹೂಂ ಅನ್ನುವವರು ಬೇಕಾಗಿದ್ದಾರೆ

ಪಠ್ಯಕ್ರಮದ ಪ್ರಕಾರ ಈ ಸೆಮಿಸ್ಟರಿನಲ್ಲಿ ನನ್ನ ವಿದ್ಯಾರ್ಥಿಗಳು ತಲಾ ಒಂದು ಪುರಾಣದ ಕತೆಯನ್ನೋ ಜನಪದ ಕತೆಯನ್ನೋ ತಮ್ಮ ಮಾತಿನಲ್ಲಿ ಹೇಳಬೇಕು, ನಾನು ಅದಕ್ಕೆ ಆಂತರಿಕ ಅಂಕ ಕೊಡಬೇಕು. ಮುಂಡರಗಿಯಂಥ ಊರಿನಲ್ಲಿ ಇದಕ್ಕಿಂತ ಸುಲಭದ ಪರೀಕ್ಷೆ ಯಾವುದಿದ್ದೀತು? ಬಸ್ಸು ತಡವಾದರೆ ಸಾಕು, ಸ್ಟ್ಯಾಂಡಿನ ಕಟ್ಟೆಯ ಮೇಲೆ ಯಾರಾದರೊಬ್ಬರು ಕತೆಗೆ ಕೂತೇಬಿಡುತ್ತಾರೆ. ಆದರೆ ಅಂಕದ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಕತೆಗಳೆಲ್ಲ ಕಪ್ಪತಗುಡ್ಡ ಹತ್ತಿ ಓಡಿಹೋದವು.

"ಸರ್, ನಮ್ಮೂರಾಗ ಕತಿ ಇಲ್ರೀ" ಎಂದ ಡಂಬಳದ ಹುಡುಗ. ಅವನೂರಿನ ದೊಡ್ಡಬಸಪ್ಪನ ಗುಡಿ ಚಾಲುಕ್ಯರ ಕಾಲದ್ದು. ಅದರ ಗೋಡೆಗೆ ಎಷ್ಟು ಮೂಲೆಗಳೆಂದರೆ, ಮೂಲೆಗೊಂದು ಕತೆ ಹೇಳಿದರೂ ಸೆಮಿಸ್ಟರ್ ಮುಗಿದು ಹೋದೀತು. ಇನ್ನೊಬ್ಬ ಬಕಾಸುರನ ಕತೆಯನ್ನು ಮೊಬೈಲ್ ನೋಡಿಕೊಂಡು ಓದಿದ. ನಡುವೆ ಜಾಹೀರಾತು ಬಂತು. ಬಂಡಿ ತುಂಬ ಅನ್ನವಿದ್ದರೂ ಭೀಮ ಐದು ಸೆಕೆಂಡು ಉಪವಾಸ ನಿಂತ.

ಆಮೇಲೆ ಎದ್ದವಳು ಹೊಳೆಯಂಚಿನ ಹಳ್ಳಿಯ ಹುಡುಗಿ. ಕೈಯಲ್ಲಿ ಚೀಟಿ ಇಲ್ಲ. "ಜೋಕುಮಾರನ ಕತಿ ಹೇಳ್ತೀನ್ರೀ" ಎಂದಳು. ಹಿಂದಿನ ಬೆಂಚು ಕಿಸಕ್ಕೆಂದಿತು. ಜೋಕುಮಾರ ಎಂಥವನೆಂದು ಈ ಸೀಮೆಯಲ್ಲಿ ಯಾರಿಗೂ ಹೇಳಬೇಕಿಲ್ಲ. ಭಾದ್ರಪದದಲ್ಲಿ ಗಣಪ್ಪ ಹೋದ ಮೇಲೆ ಬುಟ್ಟಿಯಲ್ಲಿ ಕೂತು, ಬೇವಿನ ಸೊಪ್ಪಿನ ನಡುವೆ ಬಾಯಿಗೆ ಬೆಣ್ಣೆ ಮೆತ್ತಿಸಿಕೊಂಡು, ಹೆಣ್ಣುಮಕ್ಕಳ ತಲೆಯ ಮೇಲೆ ಮನೆಮನೆಗೆ ಬರುವ ಪೋಲಿ ದೇವರು. ಆಯುಷ್ಯ ಏಳೇ ದಿನ.

ಅವಳು ಹೇಳಿದ ಕತೆ ಹೀಗಿತ್ತು. ಭೂಲೋಕ ಹೇಗಿದೆ ನೋಡಿಕೊಂಡು ಬಾ ಎಂದು ಶಿವ ಮೊದಲು ಗಣಪ್ಪನನ್ನು ಕಳಿಸಿದ. "ಗಣಪ್ಪ ಬಂದ್ರೀ. ಮಂಟಪದಾಗ ಕುಂತ್ರು. ಕಡಬು ತಿಂದ್ರು, ಮೋದಕ ತಿಂದ್ರು. ಹೊಲದ ಕಡೆ ಹಣಿಕಿಕ್ಕಿ ನೋಡಲಿಲ್ಲ. ಮ್ಯಾಲೆ ಹೋಗಿ, ಎಲ್ಲಾ ಛಲೋ ಐತಿ ಅಂತ ವರದಿ ಕೊಟ್ರು." ಜೀಪಿನಿಂದಿಳಿಯದೆ ಬೆಳೆಹಾನಿ ಸಮೀಕ್ಷೆ ಮುಗಿಸುವ ಸಾಹೇಬರನ್ನು ಕಂಡ ಮಕ್ಕಳು ಇವು, ಕ್ಲಾಸು ಗೊಳ್ಳೆಂದಿತು. ಗುಡ್ಡದ ಮೇಲಿನ ಗಾಳಿಯಂತ್ರಗಳು ವರ್ಷವಿಡೀ ತಿರುಗುವಷ್ಟು ಗಾಳಿ ಇದ್ದೂ, ಮೋಡಗಳು ಎರೆಹೊಲದ ಮೇಲೆ ಹಾಯ್ದು ಸುಮ್ಮನೆ ಹೋಗುವ ಊರಿನವರಿಗೆ ಆ ವರದಿಯ ರುಚಿ ಬೇಗ ಹತ್ತುತ್ತದೆ.

ಇಷ್ಟಾಗಿ ಹುಡುಗಿ ತಟ್ಟನೆ ನಿಂತಳು. ಮರೆತಳೇನೋ ಎಂದುಕೊಂಡೆ. ಅಲ್ಲ. "ಯಾರಾದ್ರೂ ಹೂಂ ಅನ್ರೀ ಸರ್. ನಮ್ಮ ಆಯಿ ಹೇಳುವಾಗ ನಾ ಹೂಂ ಅಂತಿದ್ದೆ. ಹೂಂ ಇಲ್ಲಂದ್ರ ನನಗ ಮುಂದಿಂದು ಬರಂಗಿಲ್ಲ."

ನಾನು ಇಷ್ಟು ವರ್ಷ ಕ್ಲಾಸಿನಲ್ಲಿ ದುಡಿದದ್ದೇ ಯಾರೂ ಹೂಂ ಅನ್ನದಂತೆ ನೋಡಿಕೊಳ್ಳಲು. ನಮ್ಮಲ್ಲಿ ವಿದ್ಯಾರ್ಥಿ ಬಾಯಿ ಬಿಡಬೇಕಾದದ್ದು ಹಾಜರಿಗೆ ಮಾತ್ರ. ಕೊನೆಗೆ ಕಿಟಕಿ ಪಕ್ಕದಲ್ಲಿ ತೂಕಡಿಸುತ್ತಿದ್ದ ಹುಡುಗನಿಗೇ ಆ ಹುದ್ದೆ ಕೊಟ್ಟೆ. ಅವನು ಎದ್ದು ನಿಂತು, ಪ್ರಮಾಣವಚನ ಸ್ವೀಕರಿಸುವ ಗಾಂಭೀರ್ಯದಲ್ಲಿ "ಹೂಂ" ಎಂದ. ಕತೆ ಮುಂದೆ ನಡೆಯಿತು. ಜೋಕುಮಾರ ಹೊಲಹೊಲ ತಿರುಗಿದ, ಒಣಗಿದ ಜೋಳ ನೋಡಿದ. ಅವನ ಪೋಲಿ ಪ್ರಸಂಗ ಬಂದಾಗ ಹುಡುಗಿ ನನ್ನತ್ತ ನೋಡಿ, ಅಲ್ಲೊಂದಿಷ್ಟು ಹಾರಿಸಿ, ನೇರ ಅವನು ಸತ್ತು ಬಿದ್ದ ಅಗಸರ ಕಲ್ಲಿನ ಹತ್ತಿರ ಇಳಿದಳು. ಹಿಂದಿನ ಬೆಂಚಿನವರು ಹಾರಿಸಿದ್ದಕ್ಕೂ ಸೇರಿಸಿ "ಹೂಂ" ಎಂದರು. ಅಷ್ಟರಲ್ಲಿ ಡಂಬಳದ ಹುಡುಗ ಎದ್ದ: "ಹಂಗಲ್ಲ, ನಮ್ಮ ಕಡೆ ಬ್ಯಾರೇನ ಹೇಳ್ತಾರ!" ಊರಿನಲ್ಲಿ ಕತೆಯೇ ಇಲ್ಲವೆಂದಿದ್ದವನು ಈಗ ಪಾಠಾಂತರ ಹಿಡಿದು ಜಗಳಕ್ಕೆ ನಿಂತಿದ್ದ. ಕೊನೆಗೆ ಸತ್ತ ಜೋಕುಮಾರ ಮೇಲೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದ, ಮಳೆ ಬಂತು.

ಕತೆ ಚೆನ್ನಾಗಿ ಕೇಳುವವರ ಬರ ಹಳೆಯದೇ ಇರಬೇಕು. ಗುಣಾಢ್ಯ ಏಳು ಲಕ್ಷ ಶ್ಲೋಕದ ಬೃಹತ್ಕಥೆಯನ್ನು ತನ್ನ ನೆತ್ತರಲ್ಲಿ ಬರೆದು ಕಳಿಸಿದರೆ ಸಾತವಾಹನ ರಾಜ ಮೂಗು ಮುರಿದನಂತೆ. ಕವಿ ಗುಡ್ಡ ಹತ್ತಿ, ಬೆಂಕಿ ಹಾಕಿ, ಒಂದೊಂದು ಎಲೆ ಓದಿ ಒಂದೊಂದು ಎಲೆ ಸುಟ್ಟ. ಜಿಂಕೆ, ಹಂದಿ ಎಲ್ಲ ಮೇವು ಬಿಟ್ಟು ಸುತ್ತ ಕೂತವು. ಹಾಜರಿ ಹಾಕದೆಯೂ ತುಂಬಿದ ಕ್ಲಾಸು ನನಗೆ ತಿಳಿದಂತೆ ಅದೊಂದೇ. ಬೇಟೆಯ ಮಾಂಸದಲ್ಲಿ ಸತ್ವವಿಲ್ಲವೆಂದು ಅಡುಗೆಮನೆಯಿಂದ ದೂರು ಬಂದಾಗ ರಾಜ ಓಡಿಬಂದ. ಉಳಿದದ್ದು ಲಕ್ಷ ಶ್ಲೋಕ.

ಆ ಗುಣಾಢ್ಯನ ಹೆಸರನ್ನು ಕನ್ನಡದಲ್ಲಿ ಗೌರವದಿಂದ ನೆನೆದವನು ನಮ್ಮ ಪಕ್ಕದವನೇ. ಇಂದಿನ ರೋಣ ಸೀಮೆಯ ಸಯ್ಯಡಿ ಅಗ್ರಹಾರದ ದುರ್ಗಸಿಂಹ. ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ಈತ 1031ರ ಸುಮಾರಿಗೆ ಕನ್ನಡದಲ್ಲಿ ಪಂಚತಂತ್ರ ಬರೆದ. ಓದಿನಲ್ಲಿ ಹಿಂದೆ ಬಿದ್ದ ರಾಜಕುಮಾರರನ್ನು ಕತೆ ಹೇಳಿಯೇ ದಾರಿಗೆ ತಂದ ಆ ಪುಸ್ತಕ ನಮ್ಮ ಪತ್ರಿಕೆಗೆ ಮೂಲಪುರುಷನಲ್ಲದೆ ಮತ್ತೇನು? ದುರ್ಗಸಿಂಹ ಆಧರಿಸಿದ್ದು ಎಲ್ಲರೂ ಬಲ್ಲ ವಿಷ್ಣುಶರ್ಮನನ್ನಲ್ಲ, ವಸುಭಾಗಭಟ್ಟನನ್ನು; ಆ ಕತೆಗಳ ಬೇರು ಬೃಹತ್ಕಥೆಯಲ್ಲಿ; ಬೃಹತ್ಕಥೆಯಾದರೋ ಶಿವ ಪಾರ್ವತಿಗೆ ಏಕಾಂತದಲ್ಲಿ ಹೇಳಿದ್ದು. ಅದನ್ನು ಕದ್ದು ಕೇಳಿದವನಿಗೆ ಶಾಪ ಬಿತ್ತು, ನಮಗೆ ಕತೆ ಸಿಕ್ಕಿತು.

ಅಂಕಪಟ್ಟಿಯಲ್ಲಿ "ಆಕರ" ಎಂಬ ಕಾಲಂ ಇದೆ. ಹುಡುಗಿ ಅಲ್ಲಿ "ನಮ್ಮ ಆಯಿ" ಎಂದು ಬರೆದಳು. ಸರಿಯಾದ ಆವೃತ್ತಿ, ಪ್ರಕಾಶಕರು ಎಂದೆಲ್ಲ ನಾನು ಕೇಳಲಿಲ್ಲ. ಅವಳ ಆಯಿಗೆ ಅವರ ಆಯಿ ಹೇಳಿರಬೇಕು. ಆಗ ಗಣಪ್ಪ ಸಾಹೇಬನಾಗಿರಲಿಕ್ಕಿಲ್ಲ, ಗೌಡನೋ ಶಾನುಭೋಗನೋ ಆಗಿದ್ದಾನು. ಹೇಳುವವಳ ದೂರು ಒಂದಿಷ್ಟು ಬೆರೆತರೇ ಕತೆಗೆ ಇನ್ನೊಂದು ತಲೆಮಾರಿನ ಆಯುಷ್ಯ. ಆದರೆ ಆ ದೂರಿಗೆ ಹೂಂ ಅನ್ನಲು ಮಗ್ಗುಲಲ್ಲಿ ಒಬ್ಬರು ಬೇಕು. ಈಗ ಆಯಿಯಂದಿರು ಹಳ್ಳಿಯಲ್ಲಿ, ಹೂಂ ಅನ್ನುವವರು ಪೇಟೆಯ ಹಾಸ್ಟೆಲ್ಲಿನಲ್ಲಿ.

ಮರುವಾರ ಹುಡುಗಿ ಊರಿಗೆ ಹೋಗಿ ಬಂದಳು. "ಆಯಿ ಏನಂದ್ರವ್ವಾ?" ಎಂದು ಕೇಳಿದೆ. ಮಾರ್ಕ್ಸಿನ ಸುದ್ದಿಯನ್ನೇ ಅವರು ಎತ್ತಲಿಲ್ಲವಂತೆ. ಹೂಂ ಅಂದವರು ಯಾರು ಎಂದು ಮೊದಲು ವಿಚಾರಿಸಿದರಂತೆ. ತೂಕಡಿಸುತ್ತಿದ್ದ ಹುಡುಗನ ವಿಷಯ ಕೇಳಿ ಖುಷಿಪಟ್ಟು, "ಕಥಿ ಮುಗಿಯೂತನಕ ನಿಂತಿದ್ದನೇನ? ಪಾಪ, ಆ ಹುಡುಗಗ ಏನ ಕೊಟ್ರು?" ಅಂದರಂತೆ.

ಅಂಕಪಟ್ಟಿ ತೆರೆದು ನೋಡಿದೆ. ಮಂಡನೆ, ಉಚ್ಚಾರಣೆ, ಆಕರ, ಸಮಯಪಾಲನೆ. ಸಮಯಪಾಲನೆಯಲ್ಲಿ ಅವನಿಗೆ ಎರಡು ಅಂಕ ಕೊಟ್ಟು ಸಹಿ ಮಾಡಿದೆ.