ಪುಸ್ತಕದೊಳಗಿನವರು ಓದಿದಾಗ

ವಾರಪತ್ರಿಕೆಯ ಧಾರಾವಾಹಿಯಲ್ಲಿ ಮನೆಯ ಮಾಲೀಕನೊಬ್ಬ ಬಾಡಿಗೆದಾರರ ನಲ್ಲಿಯ ನೀರನ್ನು ನಿಲ್ಲಿಸಿದ ಪ್ರಸಂಗ ಬಂತೆಂದುಕೊಳ್ಳಿ. ಬಾಡಿಗೆಮನೆಯಲ್ಲಿರುವ ಓದುಗರು, 'ಭೇಷ್, ಇದ್ದದ್ದನ್ನು ಇದ್ದಂತೆಯೇ ಬರೆದಿದ್ದಾರೆ' ಎನ್ನುತ್ತಾರೆ. ಸ್ವಂತ ಮನೆಯ ಅರ್ಧ ಭಾಗವನ್ನು ಬಾಡಿಗೆಗೆ ಕೊಟ್ಟಿರುವವರು ಕನ್ನಡಕವನ್ನು ತೆಗೆದು ಒರೆಸಿಕೊಂಡು, 'ಕಥೆಗಾರರು ಎಲ್ಲವನ್ನೂ ಸ್ವಲ್ಪ ಹಿಗ್ಗಿಸುತ್ತಾರೆ' ಎನ್ನುತ್ತಾರೆ. ಇಬ್ಬರೂ ಓದಿದ್ದು ಒಂದೇ ಪುಟ. ಎರಡು ಬಾಗಿಲಿಗೂ ಪತ್ರಿಕೆ ಹಾಕಿದವನು ಒಬ್ಬನೇ ಹುಡುಗ. ಈ ಸಣ್ಣ ವ್ಯತ್ಯಾಸ ಒಂದು ದೇಶದಷ್ಟು ದೊಡ್ಡದಾಗಿ ಬೆಳೆದರೆ ಏನಾಗುತ್ತದೆಂಬುದನ್ನು ತಿಳಿಯಬೇಕಾದರೆ, ಜಾನ್ ಸ್ಟೈನ್‌ಬೆಕ್ ಬರೆದ 'ದಿ ಗ್ರೇಪ್ಸ್ ಆಫ್ ರಾತ್' ಎಂಬ ಕಾದಂಬರಿಯನ್ನು ಜನ ಹೇಗೆ ಓದಿದರೆಂಬುದನ್ನು ನೋಡಬೇಕು. ಕೋಪದ ದ್ರಾಕ್ಷಿಹಣ್ಣುಗಳು ಎಂದು ಆ ಹೆಸರಿನ ಅರ್ಥ.

ಕಥೆಯನ್ನು ಬಲ್ಲವರು ಬಹಳ ಮಂದಿ ಇರಬಹುದು. ಅಮೆರಿಕದ ಓಕ್ಲಹೋಮ ಸಂಸ್ಥಾನದಲ್ಲಿ ಗೇಣಿಗೆ ಹೊಲ ಮಾಡಿಕೊಂಡಿದ್ದ ಜೋಡ್ ಎಂಬ ಕುಟುಂಬ. ಮಳೆ ಹೋಯಿತು, ಬೆಳೆ ಹೋಯಿತು. ಬ್ಯಾಂಕಿನವರು ಟ್ರ್ಯಾಕ್ಟರ್ ತಂದು ಮನೆಯ ಮೂಲೆಯನ್ನೇ ಕೆಡವಿದರು. ಕ್ಯಾಲಿಫೋರ್ನಿಯದಲ್ಲಿ ಹಣ್ಣು ಬಿಡಿಸಲು ಜನ ಬೇಕೆಂದು ಅಚ್ಚು ಹಾಕಿಸಿದ ಕರಪತ್ರವೊಂದನ್ನು ನಂಬಿ, ಮನೆಯವರು ಹನ್ನೆರಡು ಮಂದಿ ಮತ್ತು ಬೋಧನೆ ಬಿಟ್ಟ ಒಬ್ಬ ಪಾದ್ರಿ, ಹಳೆಯದೊಂದು ಲಾರಿಯ ಮೇಲೆ ಹೊರಟರು. ಅಜ್ಜ ದಾರಿಯಲ್ಲಿ ತೀರಿಕೊಂಡ. ಮರುಭೂಮಿ ದಾಟುವಾಗ ಅಜ್ಜಿಯೂ ಹೋದಳು. ಆ ಸೀಮೆಗೆ ಮುಟ್ಟಿದ ಮೇಲೆ ತಿಳಿಯಿತು, ಒಂದು ಕೆಲಸಕ್ಕೆ ಹತ್ತು ಮಂದಿ ಬಂದು ನಿಂತಿದ್ದಾರೆ, ಆದ್ದರಿಂದಲೇ ಕೂಲಿ ದಿನದಿಂದ ದಿನಕ್ಕೆ ಇಳಿಯುತ್ತಿದೆ ಎಂದು. ೧೯೩೯ರ ಏಪ್ರಿಲ್ ೧೪ರಂದು ಪುಸ್ತಕ ಹೊರಬಂತು. ವರ್ಷ ತುಂಬುವುದರೊಳಗೆ ನಾಲ್ಕು ಲಕ್ಷಕ್ಕೂ ಮಿಕ್ಕಿ ಪ್ರತಿಗಳು ಖರ್ಚಾದವು. ೧೯೪೦ರಲ್ಲಿ ಪುಲಿಟ್ಜರ್ ಬಹುಮಾನ ಬಂತು. ೧೯೬೨ರಲ್ಲಿ ಗ್ರಂಥಕರ್ತನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಬಹುಮಾನದ ವೃತ್ತಾಂತ ಇಷ್ಟು ಸಾಕು.

ಜೋಡ್ ಕುಟುಂಬದವರು ಅಲೆದಾಡಿದ ಪ್ರದೇಶಗಳಲ್ಲಿ ಕರ್ನ್ ಕೌಂಟಿ ಒಂದು. ನಮ್ಮ ಜಿಲ್ಲೆಯಂತೆ ಅದೊಂದು ವಿಭಾಗ. ೧೯೩೯ರ ಆಗಸ್ಟ್ ತಿಂಗಳಲ್ಲಿ ಅಲ್ಲಿಯ ಆಡಳಿತ ಮಂಡಲಿ ನಾಲ್ಕಕ್ಕೆ ಒಂದು ಮತದಿಂದ, ಈ ಪುಸ್ತಕ ತನ್ನ ಶಾಲೆಗಳಲ್ಲಾಗಲಿ ಪುಸ್ತಕಭಂಡಾರಗಳಲ್ಲಾಗಲಿ ಇರಕೂಡದೆಂದು ಠರಾವು ಮಾಡಿತು. ಪುಸ್ತಕ ಸುಳ್ಳೆಂದೂ ಅಶ್ಲೀಲವೆಂದೂ ಕಾರಣ. ಭಂಡಾರದ ಮುಖ್ಯಸ್ಥೆ ಗ್ರೆಚನ್ ನೀಫ್ ಎಂಬಾಕೆ ಮಂಡಲಿಗೆ ಪತ್ರ ಬರೆದು, ಇಂದು ಒಂದು ಪುಸ್ತಕವನ್ನು ಹೊರಹಾಕಿದರೆ ನಾಳೆ ಇನ್ನಾವುದರ ಸರದಿಯೋ ಎಂಬ ಆತಂಕವನ್ನು ತೋಡಿಕೊಂಡಳು. ನೌಕರಿಯಲ್ಲಿರುವವರಿಗೆ ಇಂಥ ಪತ್ರದ ಬೆಲೆ ಗೊತ್ತು. ಆದರೂ ೧೯೪೧ರ ಜನವರಿಯವರೆಗೆ ನಿಷೇಧ ತೆರವಾಗಲಿಲ್ಲ.

ಆ ಕಾಲದ ಒಂದು ಛಾಯಾಚಿತ್ರವಿದೆ. ಜಮೀನುದಾರರ ಸಂಘದ ಮುಖಂಡನೊಬ್ಬ ಪಕ್ಕದಲ್ಲಿ ನಿಂತು ನೋಡುತ್ತಿದ್ದಾನೆ. ಆತನ ಬಳಿ ದುಡಿಯುವ ಕೂಲಿಯಾಳೊಬ್ಬ ಪುಸ್ತಕಕ್ಕೆ ಬೆಂಕಿ ಹಚ್ಚುತ್ತಿದ್ದಾನೆ. ಕೂಲಿಯವನ ಪಕ್ಷ ವಹಿಸಿ ಬರೆದ ಪುಸ್ತಕವನ್ನು ಕೂಲಿಯವನ ಕೈಯಿಂದಲೇ ಸುಡಿಸಿದರೆ ಚಿತ್ರಕ್ಕೆ ಕಳೆ ಬರುತ್ತದಲ್ಲವೆ! ಆತ ಅದನ್ನು ಓದಿರಲಿಲ್ಲ. ರೇಡಿಯೋದಲ್ಲಿ ಯಾರೋ ಅದನ್ನು ಕುರಿತು ಆಡಿದ ಮಾತನ್ನು ಕೇಳಿ ಸಿಟ್ಟಾಗಿದ್ದನಂತೆ. ನಾನು ಹಲವು ದಿನ ಯೋಚಿಸಿದ್ದು ಇದಲ್ಲ. ಎಷ್ಟೋ ದಶಕಗಳ ತರುವಾಯ ಆತ ಪುಸ್ತಕವನ್ನು ನಿಜವಾಗಿಯೂ ಓದಿದ; ಓದಿ, ಸುಟ್ಟದ್ದಕ್ಕೆ ತನಗೇನೂ ಪಶ್ಚಾತ್ತಾಪವಿಲ್ಲವೆಂದ. ಇವನನ್ನು ಅಜ್ಞಾನಿಯೆಂದು ತಳ್ಳಿಹಾಕಿ ಮುಂದೆ ಹೋಗುವುದು ಸುಲಭ. ನನಗೆ ಹಾಗೆ ಮಾಡಲಾಗಲಿಲ್ಲ. ಅದಕ್ಕೆ ಕಾರಣ ನಮ್ಮ ಮನೆಯಲ್ಲಿಯೇ ಇತ್ತು.

ನನ್ನ ತಾಯಿಯ ತವರು ಚಳ್ಳಕೆರೆಯ ಕಡೆಯ ಒಂದು ಹಳ್ಳಿ. ಆಕೆ ಐದಾರು ವರ್ಷದವಳಿದ್ದಾಗ, ಮಳೆಯಿಲ್ಲದ ಒಂದು ವರ್ಷ, ಮೇಸ್ತ್ರಿಯೊಬ್ಬ ಊರಿಗೆ ಬಂದು ಮುಂಗಡ ಕೊಟ್ಟು, ನನ್ನ ಅಜ್ಜನ ಸಂಸಾರವನ್ನು ಚಿಕ್ಕಮಗಳೂರಿನ ಕಾಫಿ ತೋಟವೊಂದಕ್ಕೆ ಕರೆದೊಯ್ದ. ಮುಂಗಡ ತೀರುವವರೆಗೆ ಹಿಂದಿರುಗುವ ಮಾತಿಲ್ಲ. ಆಕೆಯ ಅಣ್ಣ, ಅಂದರೆ ನನ್ನ ಸೋದರಮಾವ, ಅಲ್ಲಿಯೇ ನಾಲ್ಕಕ್ಷರ ಕಲಿತು, ಮುಂದೆ ಇನ್ನೊಂದು ತೋಟದಲ್ಲಿ ರೈಟರಾಗಿ ಮೂವತ್ತು ವರ್ಷ ಆಳುಗಳ ಹಾಜರಿ ಬರೆದರು. ಆ ರೈಟರ ಕೆಲಸದಿಂದಲೇ ನಮ್ಮ ಕುಟುಂಬ ಪಟ್ಟಣ ಸೇರಿತು, ಮಕ್ಕಳು ಕಾಲೇಜು ಕಂಡರು. ಇಂದು ಬೆಂಗಳೂರಿನಲ್ಲಿ ಕುಳಿತು ನಾನು ಇಂಗ್ಲಿಷ್ ಕಾದಂಬರಿಯ ವಿಚಾರ ಬರೆಯುತ್ತಿರುವುದೂ ಅದರಿಂದಲೇ.

ಕೆಲವು ವರ್ಷಗಳ ಹಿಂದೆ ತಾಯಿಯ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಓದುವುದು ನಿಂತಾಗ, ಸಂಜೆಯ ಹೊತ್ತು ಈ ಕಾದಂಬರಿಯನ್ನು ದಿನಕ್ಕಿಷ್ಟರಂತೆ ಕನ್ನಡದಲ್ಲಿ ಹೇಳುತ್ತಿದ್ದೆ. ಮಾವನವರೂ ಬಂದು ಕೂರುತ್ತಿದ್ದರು. ಟ್ರ್ಯಾಕ್ಟರ್ ಬಂದ ದಿನವೇ ಅವರು ತಮ್ಮ ಪಕ್ಷವನ್ನು ಆರಿಸಿಕೊಂಡುಬಿಟ್ಟರು.

"ಅಲ್ಲಯ್ಯ, ಮಾಲೀಕ ಕೂಲಿ ಕಡಿಮೆ ಕೊಟ್ಟ ಅಂತ ಎಲ್ಲರೂ ಬರೀತಾರೆ. ಕಾಫಿಗೆ ಬೆಲೆ ಬಿದ್ದ ವರ್ಷ ಅವನು ಬ್ಯಾಂಕಿಗೆ ಏನು ಕಟ್ಟಿದ ಅಂತ ಯಾರಾದರೂ ಬರೆದಿದ್ದಾರೇನು?"

ಬರೆದಿದ್ದಾರೆ ಎಂದು ಇಪ್ಪತ್ತೆರಡನೆಯ ಅಧ್ಯಾಯದ ಥಾಮಸ್ ಎಂಬ ಸಣ್ಣ ಜಮೀನುದಾರನ ಪ್ರಸಂಗವನ್ನು ಹೇಳಿದೆ. ಗಂಟೆಗೆ ಮೂವತ್ತು ಸೆಂಟು ಕೊಡಲು ಸಿದ್ಧನಿದ್ದವನಿಗೆ, ಇಪ್ಪತ್ತೈದಕ್ಕಿಂತ ಹೆಚ್ಚು ಕೊಡಕೂಡದೆಂದು ಸಂಘದವರು ಹೇಳುತ್ತಾರೆ. ಸಂಘದ ಹಿಂದೆ ಬ್ಯಾಂಕು ಇದೆ, ಮುಂದಿನ ಬೆಳೆಗೆ ಸಾಲ ಬೇಕಾದರೆ ಕೇಳಲೇಬೇಕು. ಆತ ತಲೆತಗ್ಗಿಸಿ ಆಳುಗಳ ಮುಂದೆ ಇದನ್ನು ಒಪ್ಪಿಕೊಳ್ಳುತ್ತಾನೆ. ಮಾವನವರು ಬಹಳ ಹೊತ್ತು ಸುಮ್ಮನಿದ್ದು, "ಈ ಭಾಗ ತಿಳಿದವನು ಬರೆದದ್ದು" ಎಂದರು. ಇಡೀ ಪುಸ್ತಕಕ್ಕೆ ಅವರಿಂದ ಬಂದ ಪ್ರಶಂಸೆ ಅಷ್ಟೇ. ಜಮೀನುದಾರರ ಪರವಾಗಿ ರೂತ್ ಕಂಫರ್ಟ್ ಮಿಚೆಲ್ ಎಂಬಾಕೆ ೧೯೪೦ರಲ್ಲಿ ಬೇರೊಂದು ಕಾದಂಬರಿಯನ್ನೇ ಬರೆದಳು. ಅದನ್ನು ಓದಿ ಹೇಳಿದ್ದರೆ ಅವರಿಗೆ ಹೆಚ್ಚು ರುಚಿಸುತ್ತಿತ್ತೋ ಏನೋ.

ಓಕ್ಲಹೋಮದ ಲೈಲ್ ಬೋರನ್ ಎಂಬ ಪ್ರತಿನಿಧಿ ೧೯೪೦ರ ಜನವರಿಯಲ್ಲಿ ಅಮೆರಿಕದ ಶಾಸನಸಭೆಯಲ್ಲಿ ಎದ್ದು ನಿಂತು, ಈ ಪುಸ್ತಕ ಅಪ್ಪಟ ಸುಳ್ಳೆಂದು ಗುಡುಗಿದ. ಆತನ ಭಾಷಣದಲ್ಲಿ ಗಮನಿಸಬೇಕಾದದ್ದು ಬೈಗುಳವಲ್ಲ. ತಾನೇ ಗೇಣಿದಾರನ ಮಗನೆಂದು ಆತ ಅಲ್ಲಿ ಹೇಳಿಕೊಂಡ. ನಮ್ಮವರು ಹೀಗಿರಲಿಲ್ಲ, ನನ್ನನ್ನೇ ನೋಡಿರಿ, ಎಂಬುದು ಅವನ ವಾದ. ಆತನ ಹೆಸರನ್ನು ಓದಿದಾಗಲೆಲ್ಲ ನನಗೆ ಕಾಣುವುದು ನನ್ನ ಸೋದರಮಾವನವರ ಮುಖ.

ಓಕ್ಲಹೋಮದವರ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇರಲಿಲ್ಲ. ಜೋಡ್ ಕುಟುಂಬದ ಊರೆಂದು ಹೇಳುವ ಸ್ಯಾಲಿಸಾ ಆ ಸಂಸ್ಥಾನದ ಪೂರ್ವದ ಅಂಚಿನಲ್ಲಿದೆ. ಧೂಳು ಮುಸುಕಿದ ಸೀಮೆ ಇದ್ದದ್ದು ದೂರದ ಪಶ್ಚಿಮದಲ್ಲಿ. ವಲಸೆ ಹೋದವರೆಲ್ಲ ರೈತರೂ ಅಲ್ಲ, ಊರುಗಳಲ್ಲಿ ಕಸುಬು ಮಾಡಿಕೊಂಡಿದ್ದವರೂ ಬಹಳ. ಇವೆಲ್ಲ ನಕ್ಷೆಯನ್ನು ಬಿಡಿಸಿ ತೀರಿಸಬಹುದಾದ ಜಗಳ. ತೀರದ ನೋವು ಬೇರೆ ಇತ್ತು. 'ಓಕಿ' ಎಂಬ ಮಾತು ಕ್ಯಾಲಿಫೋರ್ನಿಯದಲ್ಲಿ ಬೈಗುಳವಾಗಿತ್ತು. ಶಾಲೆಯ ಮಕ್ಕಳು ಅದನ್ನು ಕೇಳಿಸಿಕೊಂಡು ಅಳುತ್ತ ಮನೆಗೆ ಬರುತ್ತಿದ್ದರು. ಹೇಗೋ ಹಲ್ಲು ಕಚ್ಚಿ ಮೇಲೆದ್ದು, ಒಂದು ಮನೆ, ಒಂದು ಅಂಗಡಿ ಮಾಡಿಕೊಂಡವರಿಗೆ, ಈ ಪುಸ್ತಕ ತಮ್ಮ ಹರಕು ಚಾಪೆಯನ್ನು ಬೀದಿಯಲ್ಲಿ ಹಾಸಿದಂತೆ ಕಂಡಿತು. ಗ್ರಂಥಕರ್ತನ ಸದುದ್ದೇಶವನ್ನು ಅವರು ಅನುಮಾನಿಸಿದರೆಂದಲ್ಲ. ಸದುದ್ದೇಶದಿಂದ ನೋಡಿದರೂ ನೋಡಿದಂತೆಯೇ ಅಲ್ಲವೆ?

ಇದು ನನಗೆ ತಿಳಿದದ್ದು ಇಪ್ಪತ್ತನೆಯ ಅಧ್ಯಾಯವನ್ನು ಹೇಳಿದ ಸಂಜೆ. ಜೋಡ್ ಕುಟುಂಬ ಗುಡಾರಗಳ ನಡುವೆ ಬೀಡುಬಿಟ್ಟಿದೆ. ತಾಯಿ ಒಲೆ ಹೂಡಿ ಮಾಂಸ, ಆಲೂಗಡ್ಡೆ ಬೇಯಿಸುತ್ತಿದ್ದಾಳೆ. ಸುತ್ತಲಿನ ಗುಡಾರಗಳ ಮಕ್ಕಳು ಬಂದು ಮಾತಿಲ್ಲದೆ ನಿಂತು ಪಾತ್ರೆಯನ್ನೇ ನೋಡುತ್ತಾರೆ. ಕೊಟ್ಟರೆ ತನ್ನವರಿಗೆ ಸಾಲದು, ಕೊಡದಿದ್ದರೆ ಅನ್ನ ಗಂಟಲಲ್ಲಿ ಇಳಿಯದು. ಕಡೆಗೆ ತಳದಲ್ಲಿ ಉಳಿದದ್ದನ್ನು ಅವರಿಗೆ ಬಿಡುತ್ತಾಳೆ. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಗದ್ಗದವಾಗಿತ್ತು. ಆಮೇಲೆ ಬೇರೆ ಗುಡಾರದ ಹೆಂಗಸೊಬ್ಬಳು ಜಗಳಕ್ಕೆ ಬರುತ್ತಾಳೆ: ನನ್ನ ಮಗ ನಿಮ್ಮಲ್ಲಿ ತಿಂದು ಬಂದು, ನಮ್ಮ ಮನೆಯಲ್ಲಿ ಯಾಕಿಲ್ಲ ಎಂದು ಕೇಳುತ್ತಾನೆ, ನಾನೇನು ಹೇಳಲಿ, ಎಂದು. ಓದುವಾಗ ನಾವೆಲ್ಲ ಮರುಗುವುದು ಜೋಡ್ ತಾಯಿಗೆ. ಈ ಹೆಂಗಸು ಕೃತಜ್ಞತೆಯಿಲ್ಲದವಳಂತೆ ಕಾಣುತ್ತಾಳೆ.

ನನ್ನ ತಾಯಿ, "ಆ ಎಮ್ಮ ಬೈದದ್ದು ಸರಿಯಾಗೇ ಐತೆ" ಎಂದಳು.

ಬೆಂಗಳೂರಿಗೆ ಬಂದು ಐವತ್ತು ವರ್ಷವಾದರೂ, ಮನಸ್ಸು ಕಲಕಿದಾಗ ಆಕೆಯ ಬಾಯಲ್ಲಿ ಊರಿನ ಮಾತು ಹಿಂದಿರುಗುತ್ತದೆ. ಅಂದು ಹೇಳಿದಳು. ತೋಟದ ಕೂಲಿ ಲೈನಿನಲ್ಲಿ ಪಕ್ಕದ ಮನೆಯವರು ಒಣಮೀನಿನ ಸಾರು ಮಾಡಿದ್ದರಂತೆ. ಈಕೆ ಬಾಗಿಲ ಹತ್ತಿರ ನಿಂತಿದ್ದಳು. ಅವರು ಒಂದು ತುತ್ತು ಮುದ್ದೆಗೆ ಸಾರು ಹಾಕಿ ಕೊಟ್ಟರು. ಬಾಯಿ ಒರೆಸಿಕೊಂಡು ಮನೆಗೆ ಬಂದರೂ ಕೈಯ ವಾಸನೆ ಹೋಗಿರಲಿಲ್ಲ. ನನ್ನ ಅಜ್ಜಿ ಮಗುವಿನ ಕೈಯನ್ನು ಮೂಸಿ ನೋಡಿ, ಸೌದೆಯಿಂದ ಹೊಡೆದು, ಆಮೇಲೆ ಗೋಡೆಯ ಕಡೆ ತಿರುಗಿ ಕೂತು ಅತ್ತಳಂತೆ. ಎಪ್ಪತ್ತು ವರ್ಷ ತನ್ನ ಮಕ್ಕಳಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಅದು.

"ಅಂಥಾದ್ದೇನೂ ಆಗಿಲ್ಲ" ಎಂದರು ಮಾವನವರು. "ನಮ್ಮ ಮನೇರು ಯಾರ ಬಾಗಿಲಲ್ಲೂ ನಿಂತವರಲ್ಲ. ನಿನಗೆ ಮರೆವು ಬಂದಿದೆ."

ತಾಯಿ ಅಣ್ಣನಿಗೆ ಎದುರು ಮಾತನಾಡುವವಳಲ್ಲ. ಅವರು ಎದ್ದು ಹೋದ ಮೇಲೆ ನನ್ನ ಕಡೆ ತಿರುಗಿ, "ನೀನು ಯಾವತ್ತಾದರೂ ಬರೆದರೆ, ನಾನು ಕೇಳಿ ಇಸ್ಕೊಂಡೆ ಅಂತ ಬರೀಬೇಡ ಮಗಾ. ಅವರೇ ಕರೆದು ಕೊಟ್ಟರು ಅಂತ ಬರಿ. ಹಂಗೇ ಆಗಿದ್ದು" ಎಂದಳು.

ಆದ್ದರಿಂದ ಬರೆಯುತ್ತಿದ್ದೇನೆ: ಅವರೇ ಕರೆದು ಕೊಟ್ಟರು.

ನಿಜವೋ ಸುಳ್ಳೋ ಎಂಬ ಪ್ರಶ್ನೆಯನ್ನು ಅಮೆರಿಕದವರು ತಮ್ಮ ರೀತಿಯಲ್ಲಿ ತೀರಿಸಿಕೊಂಡರು. ೧೯೪೦ರಲ್ಲಿ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಕ್ಯಾಲಿಫೋರ್ನಿಯದ ಬಿಡಾರಗಳನ್ನು ಸುತ್ತಿ ನೋಡಿ, ಪುಸ್ತಕದಲ್ಲಿ ಉತ್ಪ್ರೇಕ್ಷೆ ಇದೆಯೆಂದು ತನಗೆ ಎಂದೂ ಅನಿಸಿರಲಿಲ್ಲವೆಂದು ಪತ್ರಕರ್ತರಿಗೆ ಹೇಳಿದಳು. ಬಡವರನ್ನು ಸಂಸ್ಥಾನದೊಳಕ್ಕೆ ಕರೆತರುವುದೇ ಅಪರಾಧವೆಂದಿದ್ದ ಕ್ಯಾಲಿಫೋರ್ನಿಯದ ಕಾಯಿದೆಯನ್ನು ೧೯೪೧ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ರದ್ದು ಮಾಡಿತು.

ಆದರೆ ಯಾರು ಹೇಳಬೇಕು, ಹೇಗೆ ಹೇಳಬೇಕು ಎಂಬ ನನ್ನ ತಾಯಿಯ ಪ್ರಶ್ನೆಗೆ ಅಲ್ಲಿ ಬಹಳ ತಡವಾಗಿ ಉತ್ತರ ಬಂತು. ಸನೋರ ಬ್ಯಾಬ್ ಎಂಬಾಕೆ ಆ ಒಣಸೀಮೆಯಲ್ಲೇ ಬೆಳೆದ ಬಡ ಮನೆಯ ಹೆಣ್ಣು. ೧೯೩೮ರಲ್ಲಿ ಸರಕಾರಿ ಬಿಡಾರಗಳಲ್ಲಿ ವಲಸೆ ಬಂದವರ ನಡುವೆ ಕೆಲಸ ಮಾಡುತ್ತ ಟಿಪ್ಪಣಿ ಬರೆದಿಟ್ಟಳು. ಬಿಡಾರದ ಅಧಿಕಾರಿ ಟಾಮ್ ಕಾಲಿನ್ಸ್ ಅವುಗಳನ್ನು ಸ್ಟೈನ್‌ಬೆಕ್‌ನಿಗೂ ತೋರಿಸಿದ. ಆಕೆಯೂ ಒಂದು ಕಾದಂಬರಿ ಬರೆದಳು, ಪ್ರಕಾಶಕರು ಮೆಚ್ಚಿದರು. ಅಷ್ಟರಲ್ಲಿ 'ಗ್ರೇಪ್ಸ್ ಆಫ್ ರಾತ್' ಹೊರಬಂದು ದೇಶವೆಲ್ಲ ಅದೇ ಮಾತಾಯಿತು; ಅದೇ ವಿಷಯಕ್ಕೆ ಎರಡನೆಯ ಪುಸ್ತಕ ಯಾರು ಕೊಳ್ಳುತ್ತಾರೆಂದು ಹಸ್ತಪ್ರತಿಯನ್ನು ಕೈಬಿಟ್ಟರು. ಅದು ಅಚ್ಚಾದದ್ದು ೨೦೦೪ರಲ್ಲಿ. ಆಗ ಆಕೆಗೆ ತೊಂಬತ್ತೇಳು ವರ್ಷ. ಆಕೆಯ ಪುಸ್ತಕ ಸ್ಟೈನ್‌ಬೆಕ್ಕನದಕ್ಕಿಂತ ದೊಡ್ಡದೆಂದು ನಾನು ಹೇಳಲಾರೆ, ಅಲ್ಲ. ಅದರಲ್ಲಿ ಗುಡುಗಿಲ್ಲ, ಒಳಗಿನವರ ಸಂಕೋಚವಿದೆ. ನನ್ನ ತಾಯಿ ಬಯಸಿದ ಬಗೆಯ ಬರೆವಣಿಗೆ ಅದು ಎನಿಸುತ್ತದೆ.

ಕೊನೆಯ ಅಧ್ಯಾಯಕ್ಕೆ ಬಂದಾಗ ನಾನು ಸ್ವಲ್ಪ ಅಳುಕಿದೆ. ಪ್ರವಾಹದ ನೀರಿನಿಂದ ತಪ್ಪಿಸಿಕೊಂಡು ಕುಟುಂಬ ಒಂದು ಕೊಟ್ಟಿಗೆ ಸೇರುತ್ತದೆ. ಅಲ್ಲಿ ಹಸಿವಿನಿಂದ ಸಾಯುತ್ತಿರುವ ಅಪರಿಚಿತನೊಬ್ಬ, ಜೊತೆಗೆ ಅವನ ಹುಡುಗ. ಮಗುವನ್ನು ಸತ್ತಂತೆಯೇ ಹೆತ್ತ ಜೋಡ್ ಮಗಳು ಆ ಮನುಷ್ಯನಿಗೆ ತನ್ನ ಹಾಲೂಡುತ್ತಾಳೆ. ೧೯೩೯ರಲ್ಲಿ ಎಷ್ಟೋ ಮಂದಿ ಹೇಸಿದ್ದು ಇದಕ್ಕೆ. ಪ್ರಕಾಶಕರ ಕಡೆಯ ಸಂಪಾದಕನೇ ಇದನ್ನು ಬದಲಿಸಬೇಕೆಂದು ಕೇಳಿದ್ದ, ಸ್ಟೈನ್‌ಬೆಕ್ ಒಪ್ಪಲಿಲ್ಲ. ಎದುರಿಗೆ ಮಾವನವರು ಕುಳಿತಿದ್ದರು. ಆದಷ್ಟು ಮರ್ಯಾದೆಯ ಮಾತುಗಳಲ್ಲಿ ಹೇಳಿ ಮುಗಿಸಿದೆ.

ಮಾವನವರು ನೆಲವನ್ನೇ ನೋಡುತ್ತಿದ್ದರು. ತಾಯಿಗೆ ಅದರಲ್ಲಿ ನಾಚಿಕೆಯಾಗಲಿ ಆಶ್ಚರ್ಯವಾಗಲಿ ಕಾಣಲಿಲ್ಲ.

"ಆ ಹುಡುಗಂಗೆ?" ಎಂದಳು. "ಹುಡುಗಂಗೆ ಯಾರು ಕೊಟ್ಟರು?"

ಪುಸ್ತಕದಲ್ಲಿ ಅದು ಇಲ್ಲವೆಂದೆ. ಮಾವನವರು ಟವೆಲನ್ನು ಹೆಗಲಿಗೆ ಹಾಕಿಕೊಂಡು ಎದ್ದು, "ಕೊಟ್ಟಿರುತ್ತಾರೆ ಬಿಡು" ಎಂದರು. "ಕರೆದು ಕೊಟ್ಟಿರುತ್ತಾರೆ."