ಆಗುಂಬೆಯ ಮಳೆಯೂ ಗೋಡೆಯ ಬೂಷ್ಟೂ

ಹೋದ ಆಷಾಢದಲ್ಲಿ ತೀರ್ಥಹಳ್ಳಿಯಿಂದ ಮೇಗರವಳ್ಳಿಯ ಮಾರ್ಗವಾಗಿ ಆಗುಂಬೆಯ ಕಡೆಗೆ ಹೊರಟಾಗ, ನಾವು ಮಳೆಯ ಸೊಬಗನ್ನು ನೋಡಲು ಹೊರಟವರಲ್ಲ. ಅಲ್ಲಿಗೆ ಸಮೀಪದ ಹಳ್ಳಿಯಲ್ಲಿರುವ ನಮ್ಮ ಸೋದರತ್ತೆಯವರ ಮೊಮ್ಮಗುವಿಗೆ ಎರಡು ತಿಂಗಳಿಂದ ಕೆಮ್ಮು ಬಿಟ್ಟಿರಲಿಲ್ಲ. ಮಲಗುವ ಕೋಣೆಯನ್ನು ಬದಲಾಯಿಸಿರೆಂದು ವೈದ್ಯರು ಹೇಳಿದ್ದರಂತೆ. ಆ ಕೋಣೆಯನ್ನು ಒಮ್ಮೆ ಬಂದು ನೋಡಬೇಕೆಂದು ಅತ್ತೆಯವರು ಹೇಳಿಕಳುಹಿಸಿದ್ದರು.

ಸಮುದ್ರಮಟ್ಟಕ್ಕೆ ಸುಮಾರು 640 ಮೀಟರು ಎತ್ತರದಲ್ಲಿ, ಘಟ್ಟದ ಅಂಚಿನಲ್ಲಿರುವ ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ. ಅರಬ್ಬೀ ಸಮುದ್ರದಿಂದ ಬಂದ ಗಾಳಿ ಸಹ್ಯಾದ್ರಿಗೆ ತಾಗಿ ಮೇಲೇರುತ್ತದೆ, ಮೇಲೇರಿದಂತೆಲ್ಲ ತಣಿಯುತ್ತದೆ, ತಣಿದಾಗ ತನ್ನಲ್ಲಿದ್ದ ನೀರನ್ನು ಹೊತ್ತಿರಲಾರದೆ ಸುರಿದುಬಿಡುತ್ತದೆ. ಘಟ್ಟದ ಈ ವ್ಯಾಪಾರವೇ ಮನೆಯೊಳಗೂ ನಡೆಯುವುದೆಂದು ದಾರಿಯಲ್ಲಿ ನಮಗೆ ಹೊಳೆದಿರಲಿಲ್ಲ.

ಒಂದೇ ಅಂಗಳದಲ್ಲಿ ಎರಡು ಮನೆಗಳು: ಒಂದು ತಾತನ ಕಾಲದ ಹೆಂಚಿನ ಮನೆ, ಮತ್ತೊಂದು ಆರು ವರ್ಷದ ಹಿಂದೆ ಕಟ್ಟಿಸಿದ ತಾರಸಿಯ ಮನೆ. ಹಳೆಯದನ್ನು ಕೆಡವಿಸಲು ಕೂಲಿಯವರಿಗೆ ಮುಂಗಡ ಕೊಟ್ಟಾಗಿತ್ತು. ಹೊಸ ಮನೆಯ ಬಡಗಣ ಕೋಣೆಯಲ್ಲಿ ಬೀರುವನ್ನು ಸರಿಸಿ ನೋಡಿದರೆ ಗೋಡೆಯೆಲ್ಲ ಕಾಡಿಗೆ ತೀಡಿದಂತೆ ಕಪ್ಪು ಬೂಷ್ಟು! ಅತ್ತೆಯವರ ಧಾರೆಯ ಸೀರೆಯ ಮಡಿಕೆಗಳಲ್ಲಿಯೂ ಅದೇ ಚುಕ್ಕೆಗಳು.

ತಾರಸಿ ಸೋರುತ್ತಿದೆಯೆಂದು ಮನೆಯವರ ನಂಬಿಕೆ. ಎರಡು ಸಲ ಗಾರೆ ಹಾಕಿಸಿದ್ದರು, ಒಮ್ಮೆ ಬೂಷ್ಟಿನ ಮೇಲೆಯೇ ಬಣ್ಣವನ್ನೂ ಬಳಿಸಿದ್ದರು. (ನಾವೂ ನಮ್ಮ ಮನೆಯಲ್ಲಿ ಹೀಗೆಯೇ ಮಾಡಿ, ಬೂಷ್ಟು ತಿಂಗಳೊಳಗೆ ಬಣ್ಣವನ್ನು ತೂರಿ ಬಂದುದನ್ನು ಕಂಡವರು, ಆ ಖರ್ಚನ್ನು ನೆನೆಯದಿರುವುದೇ ಲೇಸು.) ನಾವು ಗೋಡೆಯನ್ನು ಒರೆಸಿ, ಒಣಗಿದ ಭಾಗದಲ್ಲಿ ಒಂದು ಮೊಳ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕಂಚೂ ಬಿಗಿಯಾಗುವಂತೆ ಅಂಟಿಸಿ ಎರಡು ದಿನ ಬಿಟ್ಟೆವು. ನೀರು ಗೋಡೆಯಿಂದ ಬರುವುದಾದರೆ ಹಾಳೆಯ ಒಳಮೈ ಒದ್ದೆಯಾಗಬೇಕು. ಒದ್ದೆಯಾದುದು ಹೊರಮೈ! ಎಂದರೆ ನೀರು ಬಂದುದು ಆಕಾಶದಿಂದಲ್ಲ, ಕೋಣೆಯ ಗಾಳಿಯಿಂದ.

ಗಾಳಿಗೆ ಅಷ್ಟು ನೀರು ಎಲ್ಲಿಯದು? ಮಗುವಿನ ಬಟ್ಟೆಗಳು ಆ ಕೋಣೆಯ ಹಗ್ಗದ ಮೇಲೆಯೇ ಒಣಗುತ್ತಿದ್ದವು. ಬಟ್ಟೆ ಬಿಟ್ಟ ನೀರು ಎಲ್ಲಿಗೂ ಹೋಗದೆ ಗಾಳಿಯನ್ನು ಸೇರಿ, ರಾತ್ರಿ ತಣ್ಣನೆಯ ಗೋಡೆಯ ಮೇಲೆ ಬೆವರಾಗಿ ಕೂಡುತ್ತಿತ್ತು. ಪಕ್ಕದ ಅಡಿಗೆಮನೆಯ ಆವಿಯೂ, ಮಲಗಿದವರ ಉಸಿರೂ ಅದಕ್ಕೆ ಸೇರುತ್ತಿದ್ದವು. ಬೀರುವಿನ ಹಿಂದೆ ಗಾಳಿಯಾಡದುದರಿಂದ ಅಲ್ಲಿಯೇ ಬೂಷ್ಟು ಹೆಚ್ಚು.

ಹಳೆಯ ಮನೆಯಲ್ಲಿ ಹೀಗೇಕಾಗಲಿಲ್ಲ? ಅಲ್ಲಿ ಬಚ್ಚಲೊಲೆ ಬೆಳಗಿನಿಂದ ಬೈಗಿನವರೆಗೆ ಉರಿಯುತ್ತಿತ್ತು. ಅದರ ಕಾವು ಗೋಡೆ ಅಟ್ಟಗಳನ್ನು ಬೆಚ್ಚಗಿಟ್ಟು, ಆವಿಯನ್ನು ಹೆಂಚಿನ ಸಂದುಗಳಿಂದ ಹೊರದೂಡುತ್ತಿತ್ತು. ಮಲೆನಾಡಿನ ಮಳೆಗಾಲದಲ್ಲಿ ಹೊರಗಿನ ಗಾಳಿಯೇ ತೇವವಾದುದರಿಂದ ಕಿಟಕಿ ತೆರೆದ ಮಾತ್ರಕ್ಕೆ ಸಾಲದು, ಕಾವೂ ಬೇಕು. ಹಾಗೆಂದು ಹಳೆಯದೆಲ್ಲವನ್ನೂ ಹೊಗಳಲಾರೆವು: ಆ ಹೊಗೆಯಲ್ಲಿ ನಲವತ್ತು ವರ್ಷ ಅಡಿಗೆ ಮಾಡಿದ ಅತ್ತೆಯವರ ಕಣ್ಣು ಇಂದಿಗೂ ನೀರೂರುತ್ತದೆ.

ಮಗುವಿನ ತೊಟ್ಟಿಲು ಅಂದೇ ಹಳೆಯ ಮನೆಯ ನಡುಕೋಣೆಗೆ ಹೋಯಿತು. ಒದ್ದೆ ಬಟ್ಟೆಗಳು ಬಚ್ಚಲೊಲೆಯ ಬಳಿಗೆ ಬಂದವು. ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಬೂಷ್ಟನ್ನು ಸಾಬೂನು ನೀರಿನಿಂದ ತೊಳೆದು, ಚೆನ್ನಾಗಿ ಒರೆಸಿ, ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗಿಟ್ಟೆವು. ಅಡಿಗೆಮನೆಗೆ ಆವಿಯನ್ನೆಳೆಯುವ ಫ್ಯಾನು ಬಂತು. ಬಿಸಿಲು ಬಂದಮೇಲೆ ಬಣ್ಣ ಕೆರೆಸಿ ಸುಣ್ಣ ಹೊಡೆಸಬೇಕೆಂದೂ ಹೇಳಿದೆವು. ಸುಣ್ಣದ ಕ್ಷಾರದಲ್ಲಿ ಬೂಷ್ಟು ಸುಲಭವಾಗಿ ಬೇರೂರದು.

ಭಾದ್ರಪದದಲ್ಲಿ ಅತ್ತೆಯವರು ಫೋನಿನಲ್ಲಿ ಮಾತನಾಡಿದರು. ಮಗು ಈಗ ರಾತ್ರಿ ನಿದ್ದೆಮಾಡುತ್ತದೆ. ಬೀರುವಿನ ಹಿಂದೆ ಎರಡು ಚುಕ್ಕೆ ಮತ್ತೆ ಕಂಡುವಂತೆ, ಒರೆಸಿದರಂತೆ. ಸೀರೆಯ ಕಲೆ ಹೋಗಲಿಲ್ಲ. ಹೆಂಚಿಳಿಸಲು ಬಂದ ಕೂಲಿಯವರಿಗೆ ಕಾಫಿ ಕೊಟ್ಟು, ಬರುವ ವರ್ಷ ನೋಡೋಣವೆಂದು ಕಳುಹಿಸಿದ್ದಾರೆ.